ಗಡಿಯ ಮೇಲೊಂದು ಲಿಂಬೆಹಣ್ಣು

ಮನುಷ್ಯನಿಗೆ ತನ್ನ ಊರಿನ ಸೀಮೆಯೊಳಗೆ ಇರುವಷ್ಟು ಧೈರ್ಯ ಸೀಮೆಯಾಚೆ ಇರುವುದಿಲ್ಲ. ನನ್ನನ್ನೇ ನೋಡಿ. ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಹೊಸ ಟ್ರ್ಯಾಕ್ಟರಿನ ಗಾಲಿಗೆ ಲಿಂಬೆಹಣ್ಣು ಇಡುವವರನ್ನು ಕಂಡರೆ, ಸಿಟ್ರಿಕ್ ಆಮ್ಲಕ್ಕೆ ಟ್ರ್ಯಾಕ್ಟರ್ ಕಾಯಲು ಬರುವುದಿಲ್ಲ ಎಂದು ಭಾಷಣ ಮಾಡದೆ ಮುಂದೆ ಹೋದವನಲ್ಲ. ಯಂಕಂಚಿಯಲ್ಲಿ ಹಿರಿಯರೊಬ್ಬರು ಎಲ್ಲವನ್ನೂ ಶಾಂತವಾಗಿ ಕೇಳಿ, "ಖರೇ ಐತ್ರಿ ಮಾಸ್ತರ. ಜರಾ ಬಾಜೂಕ ಸರೀರಿ, ಹಣ್ಣು ನಿಮ್ಮ ಕಾಲ ಕೆಳಗ ಐತಿ" ಎಂದಿದ್ದರು.

ಇಂಥ ನಾನು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸೈಕಲ್ ಗೆಳೆಯರ ಜೊತೆ ನೇಪಾಳಕ್ಕೆ ಹೊರಟೆ. ಹೆಂಡತಿ ಸುಶೀಲಾಗೆ ಇದು ಸುತರಾಂ ಇಷ್ಟವಿರಲಿಲ್ಲ. ಹೋದ ವರ್ಷ ಮನಗೂಳಿ ಹತ್ತಿರ ಬಿದ್ದು ನಾನು ಭುಜದ ಎಲುಬು ಮುರಿದುಕೊಂಡಾಗಿನಿಂದ, ಸೈಕಲ್ ಹೊರಗೆ ತೆಗೆದರೆ ಸಾಕು, ಅವಳಿಗೆ ಊಟ ಸೇರುವುದಿಲ್ಲ. ಕೊನೆಗೆ ಒಂದೇ ಷರತ್ತಿನ ಮೇಲೆ ಒಪ್ಪಿದಳು: "ಆ ದೇಶದ ಸೀಮಿ ದಾಟೂಮುಂದ ಗಾಲಿ ಕೆಳಗ ಒಂದು ಲಿಂಬಿಹಣ್ಣು ಇಡ್ರಿ. ನಿಮ್ಮ ಸಲುವಾಗಿ ಅಲ್ಲ, ನನ್ನ ಸಲುವಾಗಿ." ನಾನು ಹೂಂ ಎಂದೆ. ಮದುವೆಯಾದವನ ಹೂಂ ಎಷ್ಟು ಗಟ್ಟಿ ಎಂಬುದು ನಿಮಗೆ ಗೊತ್ತೇ ಇದೆ.

ಲಿಂಬೆಹಣ್ಣಿಗೇನೂ ಬರವಿರಲಿಲ್ಲ. ನಮ್ಮ ತಂಡದ ಮುಂದಾಳು ಮೈಬೂಬಣ್ಣ ಇಂಡಿಯ ಲಿಂಬೆ ವ್ಯಾಪಾರಿ. ದಾರಿಯಲ್ಲಿ ಶರಬತ್ತಿಗೆ ಬೇಕೆಂದು ತನ್ನ ತೋಟದ ಹಣ್ಣುಗಳನ್ನೇ ಚೀಲ ತುಂಬ ಕಟ್ಟಿಕೊಂಡಿದ್ದ. ಸಿಪ್ಪೆ ಒಣಗಿದ್ದರೂ ಒಳಗೆ ರಸವಿತ್ತು. ಆದರೆ ಗಡಿಯಲ್ಲಿ ಚೀಲ ಬಿಚ್ಚಿಸಿದ ಅಧಿಕಾರಿ, ಹಣ್ಣು ಆಚೆಗೆ ಒಯ್ಯುವಂತಿಲ್ಲ, ಇಲ್ಲೇ ಬಿಸಾಕಿ ಎಂದ. ಮೈಬೂಬಣ್ಣನಿಗೆ ಸಿಟ್ಟು ಬಂತು. "ನಮ್ಮ ತ್ವಾಟದ ಹಣ್ಣು ಮಣ್ಣಾಗ ಚೆಲ್ಲೂ ಮಾತ ಇಲ್ಲ" ಎಂದವನೇ ಪಕ್ಕದ ಚಹಾದಂಗಡಿಯಿಂದ ಒಂದು ಪಾತೇಲಿ ಇಸಿದುಕೊಂಡು ಎಲ್ಲವನ್ನೂ ಹಿಂಡಿ ಶರಬತ್ತು ಮಾಡಿದ. ಲಾರಿ ಡ್ರೈವರುಗಳು, ಜವಾನರು, ಬಿಸಾಕಿ ಎಂದ ಅದೇ ಅಧಿಕಾರಿ, ಎಲ್ಲರೂ ಕುಡಿದರು. ನಾನಂತೂ ಲೋಟದ ಮೇಲೆ ಲೋಟ ಏರಿಸಿ, ಹಾಯಾಗಿ ನೇಪಾಳಕ್ಕೆ ಕಾಲಿಟ್ಟೆ.

ಅಷ್ಟರಲ್ಲಿ ಸುಶೀಲಾಳ ಫೋನು. "ಇಟ್ರೇನು?"

ಹೂಂ ಎನ್ನಲು ಬಾಯಿ ತೆರೆದರೆ ಲಿಂಬೆಯ ತೇಗು ಬಂತು.

"ಶರಬತ್ತ ಮಾಡಿ ಕುಡದ್ರೇನು?" ಎಂದಳು. ಬೈದಿದ್ದರೆ ನಾನು ಸಿಟ್ರಿಕ್ ಆಮ್ಲದ ಪಾಠ ಶುರು ಮಾಡುತ್ತಿದ್ದೆ. ಅವಳು ಬೈಯಲಿಲ್ಲ. "ಆತು ಬಿಡ್ರಿ, ಜ್ವಾಕಿ" ಎಂದು ಸಣ್ಣ ದನಿಯಲ್ಲಿ ಹೇಳಿ ಫೋನಿಟ್ಟಳು. ನನಗೆ ನಿಜಕ್ಕೂ ಸಂಕಟವಾಯಿತು. ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತಿದ್ದಾಗಲೂ ಅವಳ ದನಿ ಹೀಗೇ ಇತ್ತು.

ಸೈಕಲ್ ತಿರುಗಿಸಿ ಮತ್ತೆ ಭಾರತಕ್ಕೆ ಬಂದೆ. ಚಹಾದಂಗಡಿಯ ಬುಟ್ಟಿಯಲ್ಲಿ ಸಿಪ್ಪೆಗಳು ಮಾತ್ರ ಉಳಿದಿದ್ದವು. ಹಿಂಡಿದ ಹಣ್ಣು ನಡೆಯುತ್ತದೆಯೇ ಎಂದು ಮೈಬೂಬಣ್ಣನಿಗೆ ಕೂಗಿ ಕೇಳಿದೆ. "ನನಗೇನ ಗೊತ್ರಿ ಮಾಸ್ತರ, ನಾ ಬರೇ ಮಾರಾಂವ" ಎಂದು ಆಚೆಯಿಂದಲೇ ಉತ್ತರ ಬಂತು. ವಿಡಿಯೋ ಕಾಲ್ ಹಚ್ಚಿ, ಇದ್ದುದರಲ್ಲಿ ದುಂಡಗಿದ್ದ ಒಂದು ಸಿಪ್ಪೆಯನ್ನು ಮುಂದಿನ ಗಾಲಿಯ ಕೆಳಗಿಟ್ಟು, ಅಧಿಕಾರಿಯ ಕಣ್ಣೆದುರೇ ಸೈಕಲ್ ಹತ್ತಿಸಿದೆ. ಸಿಪ್ಪೆ ಚಪ್ಪಟೆಯಾಯಿತು. ಸುಶೀಲಾ ಮೂಗು ಒರೆಸಿಕೊಂಡು ನಕ್ಕಳು. "ಹೋಗ್ರಿನ್ನ. ನಾ ಊಟಾ ಮಾಡ್ತೇನಿ."

ಅವಳಿಗೆ ಸಮಾಧಾನವಾಯಿತು. ನನಗೂ ಆಗಬೇಕಿತ್ತು. ಆದರೆ ನೇಪಾಳದೊಳಗೆ ಒಂದು ಕೂಗಳತೆಯೂ ಹೋಗಿರಲಿಲ್ಲ, ಟ್ರ್ಯಾಕ್ಟರಿಗೆ ಎಲ್ಲ ಗಾಲಿಗಳಿಗೂ ಇಡುತ್ತಾರಲ್ಲ ಎಂಬುದು ನೆನಪಾಯಿತು. ಮನಗೂಳಿ ಹತ್ತಿರ ಅಂದು ಜಾರಿದ್ದು ಹಿಂದಿನ ಗಾಲಿ. ಬ್ರೇಕ್ ಹಾಕಿದೆ. ಮತ್ತೆ ತಿರುಗಿ ಬಂದ ನನ್ನನ್ನು ಕಂಡು ಅಧಿಕಾರಿ ಏನೂ ಕೇಳದೆ ದಾರಿ ಬಿಟ್ಟ.

"ಮತ್ತ ವೈನಿ ಫೋನ್ ಮಾಡಿದ್ರೇನ್ರಿ?" ಎಂದು ಮೈಬೂಬಣ್ಣ ಕೂಗಿದ.

"ಹೌದಪ್ಪಾ, ಭಾಳ ಹಟಾ ಮಾಡಾಕತ್ತಾಳ" ಎಂದು ಹೇಳಿ, ನಾನು ಬುಟ್ಟಿಯಲ್ಲಿ ಇನ್ನೊಂದು ದುಂಡಗಿನ ಸಿಪ್ಪೆ ಹುಡುಕತೊಡಗಿದೆ.