ಮಾವನ ಹಣತೆ, ಬಂದವರ ಹೆಬ್ಬೆರಳು

ನಮ್ಮ ಸೋದರಮಾವನಿಗೆ ಹುಚ್ಚು ಹಿಡಿದಿತ್ತು ಎಂದರೆ ನಂಬಬೇಡಿ. ಹುಚ್ಚಿಗೇ ನಮ್ಮ ಸೋದರಮಾವ ಹಿಡಿದಿದ್ದರು!

ಎಪ್ಪತ್ತರ ದಶಕ. ಬೆಂಗಳೂರಿನ ವಿಜಯನಗರದಲ್ಲಿ ಎಲ್ಲಿ ನೋಡಿದರೂ ಮನೆಗೆ ಪಾಯ ತೋಡುತ್ತಿದ್ದರು. ಊರವರೆಲ್ಲ ಸೈಟು ನೋಡಲು ಹೋದರೆ ಮಾವ ಗುಂಡಿ ನೋಡಲು ಹೋಗುತ್ತಿದ್ದರು. ಭಾನುವಾರ ರಾಜಾಜಿನಗರದ ಮನೆಯಿಂದ ಸೈಕಲ್ ಹತ್ತಿದರೆ ಸಂಜೆಗೆ ಚೀಲದ ತುಂಬ ಮಡಕೆ ಚೂರು. ತರಕಾರಿ ಬಂತೆಂದು ಅತ್ತೆ ಈಳಿಗೆಮಣೆ ಹಾಕಿ ಕೂತದ್ದೂ ಉಂಟು!

ಒಮ್ಮೆ ಇಡೀ ಹಣತೆಯೇ ಸಿಕ್ಕಿತು. ಯಾವ ಕಾಲದ್ದೆಂದು ಮಾವನಿಗೂ ತಿಳಿಯಲಿಲ್ಲ.

"ಹೊಯ್ಸಳರದ್ದು ಅಂದ್ಬಿಡಿ, ಮರ್ಯಾದೆ ಬರುತ್ತೆ" ಎಂದರು ಅತ್ತೆ.

"ಚೂರಿನ ವಿಷ್ಯದಲ್ಲಿ ನಾನು ಸುಳ್ಳು ಹೇಳಲ್ಲ ಕಣೇ."

ಬತ್ತಿ ಇಡುವ ಮೂತಿಯನ್ನು ಹಸಿಮಣ್ಣಿನಲ್ಲಿ ಯಾರೋ ಹೆಬ್ಬೆರಳಿನಿಂದ ಒತ್ತಿದ ಗುರುತು ಹಾಗೇ ಉಳಿದಿತ್ತು. ಅದು ಗಂಡಸಿನ ಬೆರಳೋ, ಹೆಂಗಸಿನದೋ? ಪತ್ತೆ ಮಾಡದೆ ಬಿಟ್ಟಾರೆಯೇ! ಅಂದಿನಿಂದ ನಮ್ಮ ಮನೆಗೆ ಬಂದವರು ಕಾಫಿಗೆ ಮುಂಚೆ ಆ ಗುರುತಿನಲ್ಲಿ ಹೆಬ್ಬೆರಳಿಡಬೇಕಾಯಿತು. ಹಾಲಿನವರು ಇಟ್ಟರು, ಮೀಟರ್ ನೋಡುವವರು ಇಟ್ಟರು. ಪುರೋಹಿತರು ಮಾತ್ರ "ಮಡೀಲಿದೀನಿ ಸ್ವಾಮಿ" ಎಂದು ತಪ್ಪಿಸಿಕೊಂಡರು. ಯಾರ ಬೆರಳೂ ಹೊಂದಲಿಲ್ಲ.

ಇಂಥ ಮನೆಗೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿದವರು ಮಾವನೇ. ಅದಕ್ಕೆ ಮೊದಲು ಬಂದ ಸಂಬಂಧಗಳೆಲ್ಲ ತಪ್ಪಿಹೋಗಿದ್ದವು. ಈ ಹುಡುಗನಂತೂ ಬಾಗಿಲ ಸಂದಿಯಿಂದಲೇ ನನಗೆ ಹಿಡಿಸಿಬಿಟ್ಟಿದ್ದ.

"ಇವತ್ತು ಆ ಹಣತೆ ಹೊರಗೆ ತಂದ್ರೆ ನೋಡಿ!" ಎಂದು ಅತ್ತೆ ಮೊದಲೇ ಗದರಿಸಿದ್ದರು.

"ಖಂಡಿತ ತರಲ್ಲ ಕಣೇ."

ಉಪ್ಪಿಟ್ಟು ಮುಗಿಯುವುದರೊಳಗೆ ತಂದರು!

"ಎಲ್ಲಿ, ಇದರಲ್ಲಿ ಸ್ವಲ್ಪ ಹೆಬ್ಬೆರಳಿಡಿ."

"ಜಾತಕ ಕೂಡಿದೆಯಲ್ಲ ಸಾರ್?" ಎನ್ನುತ್ತಲೇ ಹುಡುಗ ಪಾಪ, ಬೆರಳಿಟ್ಟ. ಟಕ್! ಮೂತಿ ಮುರಿದು ಉಪ್ಪಿಟ್ಟಿನ ತಟ್ಟೆಗೆ ಬಿತ್ತು.

"ಅಯ್ಯೋ, ಹೆಣ್ಣು ನೋಡೋ ಹೊತ್ತಲ್ಲಿ ದೀಪ ಒಡೀತಲ್ಲಪ್ಪಾ! ನಡಿ, ಹೋಗೋಣ" ಎಂದು ಹುಡುಗನ ತಾಯಿ ಎದ್ದೇಬಿಟ್ಟರು. ಇದೂ ಹೋಯಿತು ಎಂದುಕೊಂಡೆ. ಹುಡುಗ ಚೂರನ್ನು ಕರ್ಚೀಫಿನಲ್ಲಿ ಒರೆಸುತ್ತ, "ತಪ್ಪು ನಂದೇ ಸಾರ್, ಜೋರಾಗಿ ಒತ್ತಿಬಿಟ್ಟೆ" ಎಂದ.

ಮಾವ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಚೂರನ್ನು ಕಣ್ಣಿಗೆ ಹಿಡಿದು ಕುಣಿದಾಡಿಬಿಟ್ಟರು. "ಭತ್ತದ ಹೊಟ್ಟು! ಮಣ್ಣು ಬಿರಿಯಬಾರ್ದು ಅಂತ ಒಳಗೆ ಹೊಟ್ಟು ಕಲಸಿದಾರೆ! ಒಡೀದೆ ಇದ್ದಿದ್ರೆ ಗೊತ್ತೇ ಆಗ್ತಿರಲಿಲ್ಲ ತಾಯಿ. ಭತ್ತ ಅಂದ್ರೆ ಲಕ್ಷ್ಮಿ! ನಿಮ್ಮ ಮಗನ ಕೈಗುಣ ಅಂದ್ರೆ ಕೈಗುಣ!"

ಮಗನನ್ನು ಹೊಗಳಿದರೆ ಯಾವ ತಾಯಿ ಕರಗುವುದಿಲ್ಲ? ಅವರು ಮತ್ತೆ ಕೂತರು, ಇನ್ನೊಂದು ಸುತ್ತು ಉಪ್ಪಿಟ್ಟು ಹಾಕಿಸಿಕೊಂಡರು, ಒಪ್ಪಿಗೆ ಹೇಳಿಯೇ ಹೊರಟರು.

ಸಂಜೆ ಹಿತ್ತಲಲ್ಲಿ ಮಾವ ಎರಡು ತುಂಡುಗಳನ್ನೂ ಜೋಡಿಸಿ ಹಿಡಿದುಕೊಂಡು ಕೂತಿದ್ದರು. ಕಣ್ಣು ಒದ್ದೆಯಾಗಿತ್ತು. ನಾನು ಚೂರನ್ನು ಇಸಿದುಕೊಂಡು ಬೆಳಕಿಗೆ ಹಿಡಿದೆ. ನಯವಾದ ಬರೀ ಮಣ್ಣು.

"ಹೊಟ್ಟು ಎಲ್ಲಿ ಮಾವ?"

"ಇಲ್ಲ ಕಣೇ. ನಿನ್ನ ಮುಖ ನೋಡ್ದೆ. ಬಾಯಿಗೆ ಬಂದಿದ್ದು ಹೇಳಿದೆ."