ಬದುಕಿದ್ದವರ ಡಬ್ಬಿ

ಶೆಟ್ಟೆಪ್ಪನ ಕಾರು ಸಾಯಬಾರದ ಜಾಗದಲ್ಲಿ ಸತ್ತಿತ್ತು. ಸಾಂತಾಕ್ರೂಜಿನ ಆ ಹೌಸಿಂಗ್ ಸೊಸೈಟಿಗೆಲ್ಲ ಇದ್ದದ್ದು ಒಂದೇ ಚಾರ್ಜಿಂಗ್ ಪಾಯಿಂಟ್. ಇರುಳೆಲ್ಲ ಅದರ ಮುಂದೆ ನಿಂತು ಕರೆಂಟು ಕುಡಿದ ಎಲೆಕ್ಟ್ರಿಕ್ ಕಾರು, ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಹಠ ಹಿಡಿದ ಎಮ್ಮೆಯ ಹಾಗೆ ಗಾಲಿ ಬಿಗಿದು ಕೂತುಬಿಟ್ಟಿತ್ತು.

ಸೆಕ್ರೆಟರಿ ವಿನೋದಿನಿಬಾಯಿ ಬಾಲ್ಕನಿಯಿಂದಲೇ ತೀರ್ಪು ಕೊಟ್ಟಳು: "ಶೆಟ್ಟೆಪ್ಪಾಜೀ, ಶಾಮ್ ತಕ್ ಗಾಡಿ ಹಟಾವೋ. ನಹೀ ತೋ ಪಾರ್ಕಿಂಗ್ ದೂಸ್ರೇ ಕೋ ದೇ ದೂಂಗಿ."

ಸಂಜೆಯೊಳಗೆ ಗಾಡಿ ಸರಿಯದಿದ್ದರೆ ಪಾರ್ಕಿಂಗ್ ಬೇರೆಯವರ ಪಾಲು. ಮುಂಬಯಿಯಲ್ಲಿ ಹೋದ ಪ್ರಾಣ ಮುಂದಿನ ಜನ್ಮದಲ್ಲಾದರೂ ಸಿಕ್ಕೀತು. ಹೋದ ಪಾರ್ಕಿಂಗ್ ಸಿಗುವುದಿಲ್ಲ.

ಗಾಡಿಯ ಮಿದುಳಿನಂತಿರುವ ಡಬ್ಬಿ ಸುಟ್ಟಿದೆ, ಕಂಪನಿಯಿಂದ ಹೊಸದು ಬರಲು ಮೂರು ತಿಂಗಳು ಎಂದ ಮೆಕ್ಯಾನಿಕ್. ಉಳಿದದ್ದು ಬೈಕುಲ್ಲಾದ ಸಂತು. ಬೆಳಗಾವಿ ಕಡೆಯವನು, ಜಖಂ ಆದ ಕಾರುಗಳನ್ನು ಬಿಚ್ಚಿ ಸಾಮಾನು ಮಾರುವವನು. ಹೊರಟ ಶೆಟ್ಟೆಪ್ಪನನ್ನು ಹೆಂಡತಿ ಮಹಾದೇವಿ ಬಾಗಿಲಲ್ಲೇ ತಡೆದಳು.

"ಸತ್ತವರ ಗಾಡಿ ಸಾಮಾನ ತರಬ್ಯಾಡ್ರಿ ಮತ್ತ."

ಎದುರು ಮನೆಯ ಹಾಲವ್ವ ಕರೆಯದೆಯೇ ಬಂದು ಸೇರಿಕೊಂಡಳು. "ಖರೇ ಐತ್ರಿ. ನಮ್ಮ ಸ್ವಾದರಮಾವ ಸತ್ತವರ ಸೈಕಲ್ಲಿನ ಬೆಲ್ಲು ಹಾಕಿಸ್ಕೊಂಡಿದ್ದ. ಅಮಾಸಿಗೊಮ್ಮೆ ತಾನ ಹೊಡಕೋತಿತ್ತು."

ಸಂತುವಿನ ಗುಜರಿ ಅಂಗಡಿಯಲ್ಲಿ ಹಗಲಿಗೂ ಕತ್ತಲೆ. ಕಿತ್ತಿಟ್ಟ ಬಾಗಿಲುಗಳು ಗೋಡೆಗೆ ನೇತಾಡುತ್ತಿದ್ದವು. ಕಪಾಟಿನಲ್ಲಿ ಕೂತ ಹೆಡ್‌ಲೈಟುಗಳು ಬಂದವನನ್ನು ರೆಪ್ಪೆ ಬಡಿಯದೆ ನೋಡಿದವು. ಶೆಟ್ಟೆಪ್ಪ ಮನಸ್ಸಿನಲ್ಲೇ ಶಿವಶಿವಾ ಎಂದುಕೊಂಡ.

ಸಂತು ಡಬ್ಬಿಯೊಂದನ್ನು ಒರೆಸಿ ಮುಂದಿಟ್ಟ. "ತಗೋರಿ ಅಣ್ಣಾ, ಏಕದಂ ಚಲೋ ಪೀಸ್."

"ಇದರ ಮಾಲಕ?"

"ತೀರಿಕೊಂಡಾನ್ರಿ."

ಕಾದ ಹಂಚು ಮುಟ್ಟಿದವನಂತೆ ಶೆಟ್ಟೆಪ್ಪ ಕೈ ಹಿಂದಕ್ಕೆಳೆದ. "ಬದುಕಿದ್ದವರದ ಕೊಡೋ ಮಾರಾಯಾ!"

ಸಂತು ನಿಟ್ಟುಸಿರಿಟ್ಟು ಒಳಗಿನಿಂದ ಇನ್ನೊಂದನ್ನು ತಂದ. "ನಿಂತ ಗಾಡಿ ಮ್ಯಾಲ ಮರ ಬಿತ್ತು. ಮಾಲಕಿ ಮನ್ಯಾಗ ಚಾ ಕುಡಿಯಾಕತ್ತಿದ್ಲು. ಗಟ್ಟಿ ಅದಾಳ."

"ಪಕ್ಕಾ ಬದುಕ್ಯಾಳೇನು?"

"ಹೋದ ವಾರ ಫೋನ್ ಮಾಡಿ ಬೈದಾಳ್ರೀ! ಸತ್ತವರು ಹಂಗ ಬೈತಾರೇನು?"

ಸಂತು ತಾನೇ ಬಂದು ಡಬ್ಬಿ ಕೂಡಿಸಿ, ಗಾಡಿಯ ದೀಪ ಹತ್ತಿದ್ದನ್ನು ತೋರಿಸಿ ಹೋಗುವಷ್ಟರಲ್ಲಿ ಮುಚ್ಚಂಜೆಯಾಗಿತ್ತು. ಮಹಾದೇವಿ ಗಾಲಿಗೆ ನಿಂಬೆಹಣ್ಣು ಇಟ್ಟಳು. ಕಾರನ್ನು ಪಾಯಿಂಟಿನಿಂದ ಆಚೆ ತೆಗೆಯಲು ಶೆಟ್ಟೆಪ್ಪ ಒಳಗೆ ಕೂತು ಬಾಗಿಲು ಹಾಕಿದ. ಪರದೆ ಬೆಳಗಿತು. 'ಸ್ವಾಗತ, ಅಂಬವ್ವ.'

ಮರುಗಳಿಗೆಯೇ ಸೀಟು ತಾನಾಗಿ ಮುಂದೆ ಸರಿಯತೊಡಗಿತು. ಗಿಡ್ಡ ಹೆಂಗಸೊಬ್ಬಳು ಅಲ್ಲೇ ಕೂತು ಸರಿಪಡಿಸಿಕೊಂಡಂತೆ ಮೆಲ್ಲಗೆ, ನಿಶ್ಚಿಂತೆಯಿಂದ. ಶೆಟ್ಟೆಪ್ಪನ ಹೊಟ್ಟೆ ಸ್ಟೇರಿಂಗಿಗೆ ಒತ್ತಿ ಕಡುಬಾಯಿತು. ಕನ್ನಡಿ ಕೆಳಗೆ ಬಾಗಿ ಅವನ ಗಂಟಲನ್ನು ದಿಟ್ಟಿಸಿತು. ಬಾಗಿಲುಗಳು ಟಪ್ಪೆಂದು ಬಿಗಿದುಕೊಂಡವು. ಹಾರ್ನು ಒಮ್ಮೆ ಕೂಗಿತು. ತಡೆದು, ಇನ್ನೊಮ್ಮೆ ಕೂಗಿತು. ಆಮೇಲೆ ಸ್ಪೀಕರಿನಿಂದ ಮುದಿದನಿಯೊಂದು ರಾಗವಾಗಿ ಎದ್ದಿತು:

"ದೀಪ ಹಚ್ಚೇನಿ ಬಾರೋ, ದಾರಿ ಮರೆತಾಂವನೇ,
ಆರೂತನಕ ಕಾದೇನು, ಆರಿದ ಮ್ಯಾಲೂ ಕಾದೇನು..."

ಬಾಲ್ಕನಿಗಳೆಲ್ಲ ತುಂಬಿದವು. "ಬೆಲ್ಲು! ಅದ ಬೆಲ್ಲು!" ಎಂದು ಹಾಲವ್ವ ಚೀರಿದಳು. ಶೆಟ್ಟೆಪ್ಪ ಕೈಗೆ ಸಿಕ್ಕ ಗುಂಡಿ ಒತ್ತಿ ಸೀಟನ್ನು ಹಿಂದಕ್ಕೆ ತಳ್ಳಿದ. ಹಾಡು ನಿಂತಿತು.

"ಯಾಂವಲೇ ಅಂವಾ, ನನ್ನ ಕುರ್ಚಿ ಸರಸಾಂವ?"

"ನಾ... ನಾನ್ರಿ, ಶೆಟ್ಟೆಪ್ಪ."

"ಇಳಿ ಕೆಳಗ!"

"ಬಾಗಲಾ ತಗದ್ರ ಇಳೀತೇನ್ರೀ, ಯವ್ವಾ!"

"ಅಲ್ಲೇ ಇರು. ನಾ ಬರಾಕತ್ತೇನಿ."

ಎಲ್ಲಿಂದ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ವಿನೋದಿನಿಬಾಯಿ ಕೂಡ ಪಾರ್ಕಿಂಗ್ ಮರೆತು ಹನುಮಂತನನ್ನು ನೆನೆದಳು. ಬಹಳ ಹೊತ್ತಾದ ಮೇಲೆ ಗೇಟಿನಲ್ಲಿ ಆಟೋ ನಿಂತಿತು. ಬಿಳಿ ಸೀರೆಯ ಮುದುಕಿಯೊಬ್ಬಳು ಇಳಿದು, ಮುಖಕ್ಕೆ ಮೊಬೈಲಿನ ಬೆಳಕು ಹಿಡಿದು, ಯಾರನ್ನೂ ದಾರಿ ಕೇಳದೆ ನೇರ ಕಾರಿನ ಬಳಿ ಬಂದಳು. ಹೆಬ್ಬೆರಳಿನಿಂದ ಮೊಬೈಲು ಒತ್ತಿದಳು. ಬಾಗಿಲು ತೆರೆದು ಶೆಟ್ಟೆಪ್ಪ ಜೋಳದ ಚೀಲದಂತೆ ಹೊರಗುರುಳಿದ.

ಅಂಬವ್ವನ ಕಾರು ಗುಜರಿಗೆ ಹೋಗಿದ್ದರೂ ಅವಳ ಮೊಬೈಲಿನ ಆ್ಯಪಿನಲ್ಲಿ ಇನ್ನೂ ಉಳಿದಿತ್ತು; ಡಬ್ಬಿ ಎಲ್ಲಿದೆ, ಸೀಟು ಯಾವಾಗ ಸರಿಯಿತು ಎಂದು ತೋರಿಸುವ, ಅವಳ ದನಿಯನ್ನು ಕಾರಿನ ಸ್ಪೀಕರಿಗೆ ಮುಟ್ಟಿಸುವ ಆ್ಯಪು ಅದು. ಅದನ್ನು ತೆಗೆಯುವುದು ಸಂತುವಿಗೂ ಹೊಳೆದಿರಲಿಲ್ಲ, ಅವಳಿಗೂ ಮನಸ್ಸು ಬಂದಿರಲಿಲ್ಲ.

"ದಿನಾ ಸಂಜೀಕ ದೇವರಿಗೆ ದೀಪ ಹಚ್ಚಿ, ಮೊಬೈಲಿನ್ಯಾಗ ಇದರ ಹಾರ್ನ್ ಒತ್ತಿ, ಒಂದು ಪದಾ ಅಂತಿದ್ದೆ," ಎಂದಳು ಕಾರಿನ ಬೆನ್ನು ಸವರುತ್ತ. "ಯಾರೂ ಓ ಅನ್ನತಿದ್ದಿಲ್ಲ. ಇವತ್ತ ಓ ಅಂತು ನೋಡಪಾ."

ದೆವ್ವವಲ್ಲವೆಂದು ತಿಳಿದು ಜನಕ್ಕೆ ಕೊಂಚ ನಿರಾಸೆಯೇ ಆಯಿತು. ಶೆಟ್ಟೆಪ್ಪ ಮಾತ್ರ ಕೈಮುಗಿದ. "ನಿಮ್ಮ ಹೆಸರು ಅಳಿಸಿಕೊಡ್ರಿ ಯವ್ವಾ. ಗಾಡಿ ಸರಸಬೇಕು."

ಅಂಬವ್ವನ ಮುಖ ಸಣ್ಣದಾಯಿತು. "ಅಳಸ್ತಿದ್ದೆ. ಆದರ ನೀ ಕಳ್ಳ ಅಂತ ತಿಳಿದು ಆಟೋದಾಗನ 'ಕಳುವಾಗೇತಿ' ಅನ್ನೂ ಗುಂಡಿ ಒತ್ತಿಬಿಟ್ಟೆ. ಗಾಲಿ ಹಿಡಕೊಂಡಿರತಾವ. ಕಂಪನಿಯವರಿಗೆ ಫೋನೂ ಹಚ್ಚಿದ್ದೆ. ಅದನ್ನ ಅವರ ಬಂದು ಬಿಡಿಸಬೇಕಂತ."

"ಯಾವಾಗ ಬರತಾರಂತ?"

"ಮೂರು ತಿಂಗಳು ಅಂದ್ರಪಾ."

ಮೇಲಿನಿಂದ ವಿನೋದಿನಿಬಾಯಿ ಸಂಜೆಯ ಗಡುವು ಮುಗಿದದ್ದನ್ನು ನೆನಪಿಸಿದಳು. "ಶೆಟ್ಟೆಪ್ಪಾಜೀ, ಶಾಮ್ ಹೋ ಗಯೀ."

ಶೆಟ್ಟೆಪ್ಪ ಸಂತುವಿಗೆ ಫೋನ್ ಹಚ್ಚಿದ.

"ಆ ಮೊದಲಿನ ಡಬ್ಬಿ ಇನ್ನೂ ಐತೇನಪಾ?"

"ಐತ್ರಿ ಅಣ್ಣಾ."

ಶೆಟ್ಟೆಪ್ಪ ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದ: "ಅದರ ಮಾಲಕ... ಪಕ್ಕಾ ಸತ್ತಾನೇನು?"