ಓನರ್ ಗೌಡರ ಬಿಳಿ ಬಚ್ಚಲು

ಕೆಲವರು ಊರೆಲ್ಲ ಸುತ್ತಿದರೂ ಅವರಿಗೆ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ. ನಾನು ಮುಖ ತೊಳೆಯಲು ಬಚ್ಚಲಿಗೆ ಹೋದರೂ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ಪೀಣ್ಯದಲ್ಲಿ ಬಾಡಿಗೆಗಿದ್ದಾಗ ಆದದ್ದನ್ನಂತೂ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬರಿಸುತ್ತದೆ. ರೂಪಾಯಿಗೆ ಹದಿನಾಲ್ಕಾಣೆ ನಿಜ. ಮಿಕ್ಕ ಎರಡಾಣೆ ನನ್ನ ಕಾಣಿಕೆ ಅಂದುಕೊಳ್ಳಿ.

ಬೀದಿಗೆಲ್ಲ ಒಂದೇ

ಎಂಬತ್ತನೇ ಇಸವಿಯ ಆಸುಪಾಸು. ಫ್ಯಾಕ್ಟರಿಗಳು ಬಂದ ಮೇಲೆ ನಮ್ಮ ಓನರ್ ಗೌಡರು ರಾಗಿ ಹೊಲದ ಅಂಚಿನಲ್ಲಿ ಒಂದು ಮನೆ ಕಟ್ಟಿಸಿ ನಮಗೆ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆ ಏರಲಿ ಅಂತ ಬಚ್ಚಲಿಗೆ ಆಳೆತ್ತರ ಬಿಳಿ ಟೈಲ್ಸ್! ಬೀದಿಯಲ್ಲೇ ಮೊದಲನೆಯದು. ಗೌಡರ ಮನೆಯವರು ಮಾತ್ರ ಪಕ್ಕದ ಹಳೇ ಮನೆಯ ಹಿತ್ತಲಲ್ಲಿ, ಹಂಡೆ ಒಲೆಯ ಹೊಗೆಯಲ್ಲೇ ಸ್ನಾನ ಮಾಡುತ್ತಿದ್ದರು. ಆದರೆ ನೆಂಟರು ಬಂದರೆಂದರೆ ನಮ್ಮ ಬಚ್ಚಲಿನ ಪ್ರದರ್ಶನ. ಒಮ್ಮೆ ನಾನು ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದೇನೆ, ಹೊರಗೆ ಗೌಡರು ಯಾರಿಗೋ, "ತಡ್ಕೊಳಿ, ಸಾರ್ ಈಚೆ ಬರ್ಲಿ, ಒಳ್ಗಡೆ ಇನ್ನೂ ಚೆನ್ನಾಗೈತೆ" ಅನ್ನುತ್ತಿದ್ದರು.

ಬೋರ್‌ವೆಲ್ಲಿನ ಕೆಂಪು ನೀರು, ಫ್ಯಾಕ್ಟರಿಯಿಂದ ನನ್ನ ಕೈಗೆ ಮೆತ್ತಿಕೊಂಡು ಬರುತ್ತಿದ್ದ ಮೆಷಿನ್ ಗ್ರೀಸು ಎರಡೂ ಸೇರಿ ಟೈಲ್ಸುಗಳ ನಡುವಿನ ಸಂದುಗಳೆಲ್ಲ ಎಲೆಅಡಿಕೆ ಹಾಕುವವರ ಹಲ್ಲುಸಂದಿಯ ಹಾಗಾದವು. ಒಂದು ದಿನ ಗೌಡರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಬರೋ ಭಾನ್ವಾರ ನಮ್ ಉಡ್ಗೀನ ನೋಡಕ್ ಬತ್ತಾವ್ರೆ. ಗಂಡಿನ ಕಡೇರ್ಗೆ ಟೈಲ್ಸ್ ಬಚ್ಚಲೈತೆ ಅಂತ ಏಳ್ಬಿಟ್ಟಿವ್ನಿ. ಅಷ್ಟೊತ್ಗೆ ಸಂದು ಬೆಳ್ಳಗಾಗ್ಬೇಕು. ಇಲ್ದಿದ್ರೆ ಮನೆ ಖಾಲಿ ಮಾಡ್ಬುಡಿ ಸಾರ್."

ಬಸ್‌ಸ್ಟಾಪಿಗೆ ಹತ್ತಿರ, ಎರಡು ಹೊತ್ತೂ ನೀರು ಬರುವ ಮನೆ! ನನ್ನ ಹೆಂಡತಿಗೆ ಜೀವ ಬಾಯಿಗೆ ಬಂತು. ಆದರೂ ಬಿಡಲಿಲ್ಲ: "ಅಲ್ಲ ಗೌಡ್ರೇ, ಅವರು ಹುಡುಗಿ ನೋಡೋಕ್ ಬರ್ತಾರೋ, ಬಚ್ಚಲು ನೋಡೋಕೋ?"

ಗೌಡರು ನಿಜವಾಗಿಯೂ ಯೋಚಿಸಿದರು. "ಮೊದ್ಲು ಬಚ್ಚಲು ತೋರಿಸ್ತೀವಿ ಕಣಮ್ಮಾ."

ಕೆಂಪು ಪ್ರೈಮರ್

ನನ್ನ ಅಮ್ಮ ಸೆರಗು ಬಿಗಿದರು. ಹಿತ್ತಾಳೆ ಬೆಳಗುವುದರಲ್ಲಿ ಅವರನ್ನು ಮೀರಿಸುವವರಿಲ್ಲ. "ಅದೇನ್ ಮಹಾ ಕಣೋ, ಹುಣಸೆಹಣ್ಣಿಗೆ ಬಿಡದ ಕಲೆ ಯಾವುದಿದೆ?" ಅಂತ ಒಂದು ಉಂಡೆ ನೆನೆಸಿ, ಸಂದು ಸಂದಿಗೂ ಮೆತ್ತಿ, ನೆನೆಯಲಿ ಅಂತ ಬಿಟ್ಟು ರೇಡಿಯೋ ಮುಂದೆ ಕೂತರು. ಗೋಡೆ ಪಾತ್ರೆಯಲ್ಲವಲ್ಲ! ಹುಳಿಯನ್ನೆಲ್ಲ ಹೀರಿಕೊಂಡು ಸಂದುಗಳು ಇನ್ನಷ್ಟು ಕೆಂಪಾದವು. ಅಷ್ಟು ಹೊತ್ತಿಗೆ ಗೌಡರು ಹಾಜರು.

"ಇದೇನ್ಸಾರ್, ಇನ್ನೂ ಕೆಂಪಗಾಗೋಯ್ತು?"

"ಪ್ರೈಮರ್ ಗೌಡ್ರೇ! ನಮ್ಮ ಫ್ಯಾಕ್ಟರೀಲಿ ಯಾವ ಬಣ್ಣ ಹೊಡೀಬೇಕಾದ್ರೂ ಮೊದಲು ಕೆಂಪು ಪ್ರೈಮರ್ರೇ."

ಗೌಡರು ತಲೆಯಾಡಿಸಿದರು. ಆಮೇಲೆ ಬಗ್ಗಿ ನೋಡಿದರು. "ಮತ್ತೆ ಈ ಇರುವೆ ಸಾಲು?"

"ಅವು ಇನ್ಸ್‌ಪೆಕ್ಷನ್ನಿಗೆ ಬಂದಿರೋದು."

ರಿಜೆಕ್ಟ್! ಪಾಸ್!

ಇನ್ನು ಮನೆಯವರನ್ನು ನಂಬಿ ಕೂತರೆ ಆಗದು ಅಂತ ನಮ್ಮ ಫ್ಯಾಕ್ಟರಿಯ ಇಬ್ಬರು ಗೆಳೆಯರನ್ನು ಕರೆತಂದೆ. ಒಬ್ಬ ಫಿಟ್ಟರ್, ಇನ್ನೊಬ್ಬ ಕ್ವಾಲಿಟಿ ಇನ್‌ಸ್ಪೆಕ್ಟರ್. ಫಿಟ್ಟರ್ ಮುರಿದ ಹ್ಯಾಕ್ಸಾ ಬ್ಲೇಡು, ತಂತಿ ಬ್ರಷ್ಷು ತಂದಿದ್ದ. ಇನ್ಸ್‌ಪೆಕ್ಟರ್ ಭೂತಗನ್ನಡಿ ತಂದಿದ್ದ. ಇವನು ಕೆರೆಯುವುದು, ಅವನು ಕಣ್ಣು ಕಿರಿದು ಮಾಡಿ "ರಿಜೆಕ್ಟ್!" ಅನ್ನುವುದು. ಮತ್ತೆ ಕೆರೆಯುವುದು, ಮತ್ತೆ "ರಿಜೆಕ್ಟ್!" ಫಿಟ್ಟರಿಗೆ ರೋಷ ಬಂತು. ಕೊನೆಗೆ ಇನ್ಸ್‌ಪೆಕ್ಟರ್ ಕನ್ನಡಿ ಇಳಿಸಿ "ಪಾಸ್!" ಅಂದಾಗ ನಾನು ಕುಣಿದಾಡಿ, ಗೋಡೆ ಮೇಲೆ ಒಂದು ಚೊಂಬು ನೀರು ಹೊಯ್ದೆ. ನೀರು ಕೆಳಗೆ ಬರಲೇ ಇಲ್ಲ. ಟೈಲ್ಸಿನ ಹಿಂದಕ್ಕೆ ಹೋಗಿ ಗೋಡೆಯೊಳಗೆ ಗುಳುಗುಳು ಅಂದಿತು.

"ಏನೋ ಇದು? ಕಲೆ ಜೊತೆ ಸಂದೊಳಗಿನ ಸಿಮೆಂಟೂ ಹೋಯ್ತಲ್ಲೋ!" ಅಂದೆ.

ಫಿಟ್ಟರ್ ಬೆವರು ಒರೆಸಿಕೊಂಡ. "ಅದಕ್ಕೇ ಗುರು, ಇನ್ಮೇಲೆ ಕಲೆ ಬಂದ್ರೂ ಕೂರಕ್ಕೆ ಜಾಗಾನೇ ಇಲ್ಲ."

ಸೈರನ್ ಕೂಗಿತು

ಉಳಿದದ್ದು ಶನಿವಾರ ಒಂದೇ. ವೈಟ್ ಸಿಮೆಂಟ್ ತಂದು ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ಮೂವರೂ ಬೆರಳಿನಿಂದ ಸಂದುಗಳಿಗೆ ಒತ್ತಿ ತುಂಬಿದೆವು. ಟೈಲ್ಸಿನ ಮೇಲೆ ಮೆತ್ತಿದ್ದನ್ನು ಹಸಿ ಇದ್ದಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಇನ್ನೇನು ಒರೆಸಬೇಕು, ಪಕ್ಕದ ಫ್ಯಾಕ್ಟರಿಯ ಟೀ ಸೈರನ್ ಕೂಗಿತು. ಅದು ನಮ್ಮ ಫ್ಯಾಕ್ಟರಿಯೂ ಅಲ್ಲ, ಅವತ್ತು ನಮಗೆ ಡ್ಯೂಟಿಯೂ ಇಲ್ಲ! ಆದರೆ ವರ್ಷಗಟ್ಟಲೆ ಪಳಗಿದ ಕೈಗಳು ಕೇಳಬೇಕಲ್ಲ? ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಮೂವರೂ ಟೀ ಅಂಗಡಿಗೆ ನಡೆದೆವು. ಟೀ, ಬೋಂಡ, ಯೂನಿಯನ್ ಎಲೆಕ್ಷನ್ನಿನ ಹರಟೆ ಎಲ್ಲ ಮುಗಿಸಿ ಬಂದರೆ ಬಚ್ಚಲಲ್ಲಿ ಗೌಡರು ಗೋಡೆ ತಡವುತ್ತ ನಿಂತಿದ್ದರು.

"ಸಾರ್, ನನ್ ಟೈಲ್ಸ್ ಎಲ್ಲೋದ್ವು?"

ಸಿಮೆಂಟ್ ಒಣಗಿ ಗೋಡೆಯೆಲ್ಲ ಒಂದೇ ಬಿಳುಪು. ಆಮೇಲೆ ನೋಡಬೇಕಿತ್ತು ನಮ್ಮ ಬಚ್ಚಲನ್ನು! ಒದ್ದೆ ಗೋಣಿಚೀಲ, ತೆಂಗಿನ ನಾರು ಹಿಡಿದು ನಾನು, ಹೆಂಡತಿ, ಅಮ್ಮ, ಗೆಳೆಯರು, ಪಂಚೆ ಎತ್ತಿಕಟ್ಟಿದ ಗೌಡರು ಎಲ್ಲರೂ ಉಜ್ಜಿದ್ದೇ ಉಜ್ಜಿದ್ದು. ಒಂದು ಟೈಲ್ ಇಣುಕಿತು, "ಬಂತು, ಬಂತು!" ಅಂತ ಎಲ್ಲರೂ ಕೂಗಿಕೊಂಡೆವು. ಹೊತ್ತು ಮುಳುಗುವಷ್ಟರಲ್ಲಿ ಟೈಲ್ಸ್ ಫಳಫಳ, ಸಂದುಗಳು ಹಾಲುಬಿಳುಪು. ತಲೆಯಿಂದ ನೀರು ತೊಟ್ಟಿಕ್ಕಿಸಿಕೊಂಡು ಗೌಡರು ಹಲ್ಲು ಕಿರಿದರು: "ಕಟ್ಸಿದ್ ನಾನೇ ಆದ್ರೂ ಇಲ್ಲಿ ಮೈ ನೆಂದಿದ್ದು ಇವತ್ತೇ ಸಾರ್!"

ಎಣ್ಣೆ ನೀರು

ಭಾನುವಾರ ಗಂಡಿನ ಕಡೆಯವರು ಬಂದರು. ಹುಡುಗ, ಅವನ ಅಜ್ಜಿ, ಇನ್ನಷ್ಟು ನೆಂಟರು. ಸಂದು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲವಾದ್ದರಿಂದ ಗೌಡರು ಹೊಸ್ತಿಲಿಗೆ ಅಡ್ಡ ನಿಂತು "ಇಲ್ಲಿಂದ್ಲೇ ನೋಡ್ಬೇಕು, ಮುಟ್ಟಂಗಿಲ್ಲ" ಅಂದರು. ಅಜ್ಜಿ ಚಪ್ಪಲಿ ಬಿಟ್ಟು ಕೈಮುಗಿದೇ ಬಿಟ್ಟರು. ಸಂಬಂಧ ಕುದುರಿತು!

ಗೌಡರು ಹುಡುಗನನ್ನೂ ಅಜ್ಜಿಯನ್ನೂ ಹಿಂದೆ ಹಾಕಿಕೊಂಡು ಓಡೋಡಿ ಬಂದು ನನ್ನ ಬಾಯಿಗೆ ಮೈಸೂರುಪಾಕು ತುರುಕಿದರು. "ನಿಮ್ಮಿಂದ್ಲೇ ಸಾರ್ ಎಲ್ಲಾ! ಉಡ್ಗ ಇಲ್ಲೇ ಪೀಣ್ಯದಾಗ್ ಕೆಲ್ಸ. ಈ ಬಚ್ಚಲು ನೋಡಿ ಮದ್ವೆ ಆದ್ಮೇಲೆ ಇದೇ ಮನೇಲಿರ್ತೀವಿ ಅಂತವ್ನೆ. ನೀವ್ ಯಾವಾಗ್ ಖಾಲಿ ಮಾಡ್ತೀರಿ?"

ಬಾಯಿ ತುಂಬ ಮೈಸೂರುಪಾಕು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹೆಂಡತಿ ನನ್ನ ಕಡೆ ನೋಡಿದಳು. ಹೇಗೋ ನುಂಗಿಕೊಂಡು ಹುಡುಗನ ಹೆಗಲ ಮೇಲೆ ಕೈ ಹಾಕಿದೆ, ಅಜ್ಜಿಗೂ ಕೇಳುವ ಹಾಗೆ ಹೇಳಿದೆ.

"ಬನ್ನಿ, ಬನ್ನಿ, ಸಂತೋಷ! ಒಂದೇ ಒಂದು ವಿಷಯ. ಈ ಬಚ್ಚಲಿಗೆ ಎಣ್ಣೆ ಆಗಲ್ಲ. ಒಂದು ತೊಟ್ಟು ಬಿದ್ರೂ ಸಂದು ಹಳದಿ."

"ಎಣ್ಣೆ ಸ್ನಾನ?" ಅಂದ ಹುಡುಗ.

"ಮಾಡೋ ಹಾಗೇ ಇಲ್ಲ," ಅಂದೆ.

"ಮೊದಲ ದೀಪಾವಳಿಗೂ?"

"ಅಳಿಯ ಅಂತ ಸಂದಿಗೆ ಗೊತ್ತಾಗುತ್ತಾ?"

ಅಜ್ಜಿ ಮುಗಿದಿದ್ದ ಕೈಯನ್ನು ಸೊಂಟಕ್ಕಿಟ್ಟರು. "ಒಸ ಅಳೀಮಯ್ಯಂಗೆ ಎಣ್ಣೆ ನೀರು ಆಕ್ದೇ ಇರೋ ಬಚ್ಚಲು ಅದ್ಯಾವ ಸೀಮೆ ಬಚ್ಚಲ್ಲಾ? ನಡಿ ಮಗಾ, ಹಂಡೆ ಇರೋ ಮನೆ ನೋಡ್ಕೊಳನ!"

ಮದುವೆ ಆಯಿತು. ಮಗಳು ಅಳಿಯ ಗೌಡರ ಹಳೇ ಮನೆಯಲ್ಲೇ ಉಳಿದರು, ನಾವು ನಮ್ಮ ಮನೆಯಲ್ಲಿ. ಆದರೆ ಒಂದು ಶನಿವಾರ ನಾನು ಮೈತುಂಬ ಹರಳೆಣ್ಣೆ ಬಳಿದುಕೊಂಡು ಬಿಸಿನೀರು ಹುಯ್ದುಕೊಳ್ಳುತ್ತಿದ್ದಾಗ ಬಾಗಿಲಾಚೆ ಗೌಡರ ಮೂಗು ಸೊರ್‌ಸೊರ್ ಅಂದಿತು.

"ಸಾರ್! ಏನಿದು ಎಣ್ಣೆ ವಾಸ್ನೆ?"

"ನಿಮ್ಮ ಸಂದು ಟೆಸ್ಟ್ ಮಾಡ್ತಾ ಇದೀನಿ ಗೌಡ್ರೇ," ಅಂದೆ, "ಈ ವಾರವೂ ಪಾಸ್!"